ಅರ್ಲೆಟ್ಟಜ್ಜಿಯ ಬಾಗಿಲಿನ ಹಲಗೆ

ಫ್ರಾನ್ಸಿನ ಮೋಂಬ್ರಾಕ್ ಎಂಬ ಕೋಟೆಯೂರಿನಲ್ಲಿ ಅರ್ಲೆಟ್ಟಜ್ಜಿಯ ಮನೆ ಕೋಟೆಗೋಡೆಯ ಹೊಟ್ಟೆಯೊಳಗೇ ಇತ್ತು. ಹೀಗಾಗಿ ಊರು ನೋಡಲು ಬಂದವರು ಅದನ್ನೂ ಕೋಟೆಯದೇ ಒಂದು ಕೋಣೆ ಎಂದುಕೊಂಡು ನೇರ ಅಡುಗೆಮನೆಗೆ ನುಗ್ಗುತ್ತಿದ್ದರು. "ಈ ಜನಕ್ಕೆ ಕಣ್ಣಿಲ್ವಾ?" ಎಂದು ಅಜ್ಜಿ ದಿನವೂ ಬೀದಿಗೆಲ್ಲ ಕೇಳುವಂತೆ ಗೊಣಗುತ್ತಿದ್ದಳು.

ಊರಿನ ಗೈಡ್ ರೆಮಿಗೆ ಸಂಬಳ ಸಣ್ಣದು, ತನ್ನ ಬುದ್ಧಿಯ ಬಗ್ಗೆ ಅಭಿಪ್ರಾಯ ಮಾತ್ರ ದೊಡ್ಡದು. ಅವನು ಪಂಚಾಯಿತಿಯ ಬೆನ್ನುಹತ್ತಿ 'ಒಳಗೆ ಪ್ರವೇಶವಿಲ್ಲ' ಎಂಬ ಮರದ ಹಲಗೆ ಬರೆಸಿದ. ಮಧ್ಯಾಹ್ನ ಸುತ್ತಿಗೆ ಹಿಡಿದು, ಹೊಗಳಿಕೆಗೆ ಸಿದ್ಧವಾದ ಮುಖ ಹೊತ್ತು ಅಜ್ಜಿಯ ಮನೆಗೆ ಹೋದ.

ಒಳಗೆ ಆಗಲೇ ದಾರಿ ತಪ್ಪಿ ಬಂದ ಗಂಡಹೆಂಡತಿ ಮೇಜಿನ ಮುಂದೆ ಕೂತಿದ್ದರು. ಅಜ್ಜಿ ಆ ಸೀಮೆಯ ಹಳೇ ರೂಢಿಯಂತೆ ತನ್ನ ಬಟ್ಟಲಿನ ತಳದಲ್ಲುಳಿದ ಸೂಪಿಗೆ ಕೆಂಪು ವೈನ್ ಸುರಿದು, ಬಟ್ಟಲೆತ್ತಿ ಗಟಗಟ ಕುಡಿದು ತೋರಿಸಿದಳು.

"ಚಮಚ ಬಿಡ್ರಪ್ಪಾ, ಹೀಗೆ ಎತ್ತಿ ಕುಡೀರಿ!"

ಅವರೂ ಕುಡಿದರು. ಗಂಡನ ಬಿಳಿ ಮೀಸೆ ಕೆಂಪಾಯಿತು. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು.

ರೆಮಿ ಹಲಗೆ ತೋರಿಸಿದ. ಅಜ್ಜಿಯ ನಗು ನಿಂತಿತು.

"ಇದನ್ನ ಜಡಿದ್ರೆ ಯಾರೂ ಬರಲ್ವಲ್ಲೋ?"

"ದಿನಾ ಬೈತಿದ್ರಲ್ಲಜ್ಜಿ?"

"ಬೈಯೋಕಾದ್ರೂ ಯಾರಾದ್ರೂ ಬರ್ಬೇಕಲ್ಲೋ, ಪೆದ್ದ! ಈ ಊರಲ್ಲೇ ತಾನೇ ನೀನು ಹುಟ್ಟಿದ್ದು?"

ಹೌದು, ಇಲ್ಲೇ. ಅವನಮ್ಮನೂ ಬೇಕರಿಯವನನ್ನು ಬೈದುಕೊಂಡೇ ಅವನ ಬ್ರೆಡ್ಡನ್ನು ಪೂರ್ತಿ ತಿನ್ನುವವಳು. ರೆಮಿ ಸುತ್ತಿಗೆಯನ್ನು ಜೇಬಿಗೆ ತುರುಕಲು ನೋಡಿದ, ಅದು ಹೋಗಲಿಲ್ಲ.

ಅಜ್ಜಿ ಹಲಗೆ ಕಿತ್ತುಕೊಂಡು ಮೇಜಿನ ಮೇಲಿಟ್ಟು, ಅದರ ಮೇಲೆ ಬಿಸಿ ಸೂಪಿನ ಪಾತ್ರೆ ಕುಕ್ಕಿದಳು.

"ಅಳತೆ ಸರಿಯಾಗಿದೆ. ಕೂತ್ಕೋ. ಬಾಗಿಲು ತೆಗೆದೇ ಇರ್ಲಿ."