ಕಲ್ಲಿನೊಳಗಿನ ಉಸಿರು

ಮೊನ್ನೆ ಎದುರು ಮನೆಯವರು ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯಿಸುತ್ತಿದ್ದರು. ಯಂತ್ರದಡಿ ನೀರು ಬಿದ್ದಂತೆಲ್ಲ ಒದ್ದೆ ಕಲ್ಲಿನ ವಾಸನೆ ರಸ್ತೆ ದಾಟಿ ನಮ್ಮ ಜಗಲಿಗೆ ಬಂತು. ನಿಮಗೂ ಹೀಗಾಗಿರಬಹುದು, ಮೂಗು ಮೊದಲು ನೆನಪಿಸಿಕೊಳ್ಳುತ್ತದೆ, ನಾವು ಆಮೇಲೆ. ಒಂದು ಗಳಿಗೆ ನಾನು ಹರಿಹರದ ಹೊಳೆದಂಡೆಯಲ್ಲಿದ್ದೆ, ಪಕ್ಕದಲ್ಲಿ ಅಪ್ಪ ಇದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮೇಸ್ತ್ರಿ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೆ, ಕಿವಿಯ ಅಂಚಿನಲ್ಲಿ ಹತ್ತಿಯ ಬಿಳಿ ಧೂಳು ಕೂತಿರುತ್ತಿತ್ತು. ಎದೆಯೊಳಗೂ ಕೂತಿದೆ ಎಂದು ತಿಳಿದದ್ದು ತಡವಾಗಿ. ಡಾಕ್ಟರು ಗಿರಣಿ ಬಿಡಿ ಎಂದರು. ಅಪ್ಪ ಕೇಳಲಿಲ್ಲ.

"ಬಿಟ್ಟು ಏನ್ ಮಾಡ್ಲಿ? ಮನ್ಯಾಗೆ ಕೂತು ಗ್ವಾಡೆ ನೋಡ್ಲಾ?" ಎನ್ನುತ್ತಿದ್ದರು. ಅಮ್ಮ ಬುತ್ತಿ ಕಟ್ಟಿಕೊಡುತ್ತಿದ್ದಳು.

ಆ ವರ್ಷ ಅಮ್ಮನ ತಮ್ಮ, ನಮ್ಮ ಶಿವಣ್ಣ ಮಾವ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಲು ಬಂದು ನಮ್ಮ ಮನೆಯಲ್ಲೇ ಉಳಿದ. ಅವನ ಕಿಸೆಯಲ್ಲಿ ಸದಾ ಕಲ್ಲು. ಅಂಗಿ ಒಗೆಯುವ ಮೊದಲು ಅಮ್ಮ ಕಿಸೆ ಜಾಡಿಸುತ್ತಿದ್ದಳು. ಊಟಕ್ಕೆ ಕೂತರೂ ನೆಲದ ಕೆಳಗಿನ ಸುದ್ದಿಯೇ. ನಾವು ನಡೆಯುವ ನೆಲ ಭೂಮಿಯ ತೊಗಟೆಯಂತೆ. ಒಳಗೆ ಕರಗಿದ್ದರಲ್ಲಿ ಹಗುರಾದದ್ದು ಮೇಲೇರಿ ಕಟ್ಟಿಕೊಂಡದ್ದಂತೆ.

"ಹಾಲಿನ ಕೆನೆ ಇದ್ದಂಗೆ ಅಕ್ಕಾ," ಎಂದ. ಅಮ್ಮ ತಲೆಯಾಡಿಸಿದಳು. ಆಗಷ್ಟೇ ಕಾಲೇಜು ಸೇರಿದ್ದ ನಾನು ಸಿಲಿಕಾನ್, ಅಲ್ಯೂಮಿನಿಯಂ ಎಂಬ ಹೆಸರುಗಳ ನಡುವೆ ತೂಕಡಿಸುತ್ತಿದ್ದೆ.

ಒಂದು ಸಂಜೆ ಮಾವ ಹೇಳಿದ: "ಈ ತೊಗಟೆ ತೂಕದಾಗೆ ಹತ್ತಿರ ಹತ್ತಿರ ಅರ್ಧ ಆಮ್ಲಜನಕ ಐತೆ ಭಾವ. ನಾವು ಉಸಿರಾಡ್ತೀವಲ್ಲ, ಅದೇ."

ಅಪ್ಪನ ತುತ್ತು ಕೈಯಲ್ಲೇ ನಿಂತಿತು. "ಕಲ್ಲಾಗೆ?"

"ಹ್ಞೂಂರಿ. ಸಿಲಿಕಾನ್ ಜತಿಗೆ ಕಟ್ಟಿಹಾಕ್ದಂಗೆ ಕೂತೈತೆ. ಬಿಟ್ಟು ಬರಲ್ಲ."

"ಹಂಗಾರೆ ನನ್ನ ಎದಿಗಿಂತ ಬಂಡೇನೇ ವಾಸಿ," ಎಂದು ಅಪ್ಪ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಅಮ್ಮ ತಟ್ಟೆ ಸರಿಸಿ ಅವರ ಬೆನ್ನು ನೀವಿದಳು.

ಮರುದಿನ ಯಾರೂ ಇಲ್ಲದಾಗ ನಾನು ಹಿತ್ತಲಿನ ಒಗೆಯುವ ಕಲ್ಲಿಗೆ ಕಿವಿ ಹಚ್ಚಿ ಕೂತೆ. ಕೇಳಿಸಿದ್ದು ಪಕ್ಕದ ಮನೆಯ ರೇಡಿಯೋ.

ಮುಂದಿನ ಭಾನುವಾರ ಅಪ್ಪ ತಾವಾಗಿಯೇ, "ನಡಿ ಶಿವಣ್ಣ, ಆ ಕಲ್ಲು ತೋರ್ಸು," ಎಂದರು. ಮೂವರೂ ಬೆಳಗಿನ ರೈಲಿನಲ್ಲಿ ಹರಿಹರಕ್ಕೆ ಹೋದೆವು. ಬೇಸಿಗೆ. ತುಂಗಭದ್ರೆ ಸೊರಗಿ, ಬಂಡೆಗಳು ಎಮ್ಮೆಗಳಂತೆ ಮೈಚಾಚಿದ್ದವು. ಅಪ್ಪ ಅಲ್ಲಲ್ಲಿ ನಿಂತು, ದಮ್ಮು ಸುಧಾರಿಸಿಕೊಂಡು ಇಳಿದರು. ಮಾವ ಒಂದು ಬಂಡೆಗೆ ನೀರೆರಚಿದ. ಬೂದು ಮೈಯಿಂದ ಬಿಳಿ, ಕಪ್ಪು ಪಟ್ಟೆಗಳು ಸೀರೆಯ ನೆರಿಗೆಯಂತೆ ಬಳುಕಿ ಎದ್ದವು.

"ಇದು ಒಂದ್ಸಲಕ್ಕೆ ಆದದ್ದಲ್ಲ ಭಾವ. ಕರಗೈತೆ, ಗಟ್ಟಿಯಾಗೈತೆ, ಒತ್ತಡಕ್ಕೆ ಮಡಚಿಕೊಂಡೈತೆ. ಕಲ್ಲು ಸವೆದು ಮಣ್ಣಾಗಿ, ಹೊಳಿ ಹಿಡ್ದು ಸಮುದ್ರಕ್ಕೆ ಹೋಗಿ, ಆಳದಾಗೆ ಹೂತ್ಹೋಗಿ, ಕಾದು, ಮತ್ತೆ ಕಲ್ಲಾಗ್ತೈತೆ."

"ಅಂದ್ರೆ, ಕಲ್ಲೂ ಇದ್ದಂಗೆ ಇರಲ್ಲ?"

"ಇರಲ್ರಿ."

ಅಪ್ಪ ಬಂಡೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತರು. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಅವರ ಕೆಮ್ಮು ನಿಂತು ಎಷ್ಟು ಹೊತ್ತಾಯಿತೆಂದು ನಾನಾಗಲಿ ಮಾವನಾಗಲಿ ಗಮನಿಸಿರಲಿಲ್ಲ. ಕೊನೆಗೆ ಅವರೇ ಮೆಲ್ಲಗೆ ಹೇಳಿದರು:

"ಶಿವಣ್ಣ, ನಾಳಿಂದ ಗಿರಣಿ ಬ್ಯಾಡ."

ಯಂತ್ರ ಬಿಟ್ಟಿರಲಾರದ ಮನುಷ್ಯ, ಆಮೇಲೆ ಒಂದು ಸೈಕಲ್ ರಿಪೇರಿ ಅಂಗಡಿ ಹಾಕಿದರು. ಎದೆ ಪೂರ್ತಿ ವಾಸಿಯಾಗಲಿಲ್ಲ. ಆದರೂ ನನ್ನ ಮದುವೆ ಮಾಡಿದರು, ಮೊಮ್ಮಕ್ಕಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸುತ್ತಿಸಿದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾವ ತಂದುಕೊಟ್ಟ ಕಲ್ಲುಗಳನ್ನು ಎಣ್ಣೆಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿಯುತ್ತಿದ್ದರು. ಕೊನೆಗಾಲದಲ್ಲಿ ಕೆಮ್ಮು ಮರಳಿ ಬಂತು. ಅವರನ್ನು ಕರೆದುಕೊಂಡೇ ಹೋಯಿತು.

ಅದಕ್ಕೇ ಇರಬೇಕು, ಇಷ್ಟು ವರ್ಷ ಅಪ್ಪ ಎಂದರೆ ನನ್ನ ಕಿವಿಗೆ ಆ ಕೆಮ್ಮೇ ಬರುತ್ತಿತ್ತು. ಮೊನ್ನೆಯಿಂದ ಹಾಗಿಲ್ಲ. ಪಂಚೆ ಮೊಣಕಾಲಿಗೆತ್ತಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು, ಮಂಡಕ್ಕಿ ಮೆಲ್ಲುತ್ತಾ ಅವರು ಆ ಭಾನುವಾರ ಮಾವನಿಗೆ ಹೇಳಿದ್ದು ಕೇಳಿಸುತ್ತದೆ:

"ಆ ಇನ್ನೊಂದು ಬಂಡೆಗೂ ನೀರ್ ಹಾಕಪ್ಪ. ಅದ್ರಾಗೇನೈತೆ, ನೋಡಾಣ."