ಟೇಲರ್ ಕಾಕಾನ ಒಳದಾರಿ

ದೇವದುರ್ಗದಲ್ಲಿ ನಮ್ಮ ಓಣಿಯ ಟೇಲರ್ ಕಾಕಾನಿಗೆ ಮಷೀನು ಮುಂದಿಲ್ಲದಿದ್ದರೂ ಕಾಲು ಅಲ್ಲಾಡಿಸುತ್ತಲೇ ಇರಬೇಕು. ಪ್ರತಿವರ್ಷ ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಓಣಿಯ ಗುಂಪಿನೊಂದಿಗೆ ನಡೆದು ಹೊರಟಾಗಲೂ ಅದೇ ಚಡಪಡಿಕೆ.

"ಈ ಲಾರಿ ಸದ್ದಿನಾಗ ಮಲ್ಲಯ್ಯಗ ನಮ್ಮ ಕೂಗು ಕೇಳ್ತದೇನ್ರಿ? ಆಕಡಿ ಒಳದಾರಿ ಅದ, ಬರ್ರಿ!"

ಯಾರೂ ಬರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಗುಂಪು ಕಲ್ಮಲದ ಡಾಂಬರು ರಸ್ತೆ ಹಿಡಿಯಿತು. ಕಾಕಾ ಮಲ್ಲಯ್ಯನ ಕಂಬಿಯನ್ನು, ಯಾತ್ರಿಕರು ಸರದಿಯಲ್ಲಿ ಹೆಗಲ ಮೇಲೆ ಒಯ್ಯುವ ಪೂಜೆಯ ಕಾವಡಿಯನ್ನು, ಹೊತ್ತು ಸಿಟ್ಟಿನಿಂದ ಕೃಷ್ಣೆಯ ದಂಡೆಗೆ ಇಳಿದೇಬಿಟ್ಟ. ಬೆನ್ನಿಗೆ ಹೋದವನು ನಾನೊಬ್ಬನೇ.

ಬಂಡೆ, ಮರಳು, ಕಲ್ಲಂಗಡಿ ಬಳ್ಳಿ. ನಮ್ಮ ಹೆಜ್ಜೆ ಬಿಟ್ಟರೆ ಸದ್ದಿಲ್ಲ. ಆದರೆ ಕಂಬಿಯನ್ನು ದಾರಿಯಲ್ಲಿ ನೆಲಕ್ಕೆ ಇಡುವಂತಿಲ್ಲ, ಹೊರಲು ನಮ್ಮಿಬ್ಬರನ್ನು ಬಿಟ್ಟು ಯಾರೂ ಇಲ್ಲ. ಮಧ್ಯಾಹ್ನಕ್ಕೆ ಕಾಕಾನ ಭುಜ ನಡುಗತೊಡಗಿತು.

"ಹಿಡಿಯೋ ತಮ್ಮಾ" ಎಂದು ಕಂಬಿಯನ್ನು ನನ್ನ ಹೆಗಲಿಗೆ ದಾಟಿಸಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತ. ಆ ಕಾಲು ಅಲುಗದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಶ್ರೀಶೈಲ ಇಲ್ಲೇ ಅದಲೋ" ಎಂದ, ತನಗೇ ಎಂಬಂತೆ.

ಹೆಗಲು ಉರಿಯುತ್ತಿದ್ದರೂ ನಾನು ಉಸಿರು ಬಿಗಿಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ನೀರು ಸಣ್ಣಗೆ ಅಲುಗಿತು. ನೋಡಿದರೆ, ಕಾಕಾನ ಹೆಬ್ಬೆರಳು! ಕಣ್ಣು ಆಗಲೇ ಹೊಳೆ ದಾಟಿತ್ತು.

"ಆಕಡಿ ದಂಡಿ ಇನ್ನೂ ತಣ್ಣಗ ಕಾಣ್ತದ. ನಡಿ!"