ಕೃತ್ತಿಬಾಸ ಕಟ್ಟಿದ ಹದಿನೆಂಟನೆಯ ಗುಡಿ

ಪೂರ್ವ ಕರಾವಳಿಯ ಗಂಜಾಂ ಕಡೆಯ ಕಲ್ಲುಕುಟಿಗ ಕೃತ್ತಿಬಾಸ ಮಹಾರಣಾ ಮೂವತ್ತೆಂಟು ವರ್ಷಗಳಲ್ಲಿ ಹದಿನೇಳು ಗುಡಿ ಕಟ್ಟಿದ್ದ. ಒಂದೂ ಕೂದಲೆಳೆಯಷ್ಟೂ ವಾಲಿರಲಿಲ್ಲ. ಹದಿನೆಂಟನೆಯದು ವಾಲಿದೆ ಎಂದು ಊರೆಲ್ಲ ಆಡಿಕೊಳ್ಳತೊಡಗಿದಾಗ ಅವನಿಗೆ ಊಟವೇ ಸೇರದಾಯಿತು.

ಗುಡಿ ಸಮಿತಿಯ ಲೋಕನಾಥ ಸ್ವಾಯಿಂ ಮೊದಲಿನಿಂದಲೂ ತಕರಾರಿನವನೇ. ಸೂರತ್ತಿನ ಮಗ್ಗಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದಿದ್ದ ಅವನಿಗೆ, ಅಲ್ಲಿಯ ಗುಡಿಗಳಂತೆ ದೊಡ್ಡ ಶಿಖರದ ಸುತ್ತ ಮರಿಶಿಖರಗಳು ಬೇಕಿದ್ದವು.

"ನಮ್ಮ ಕಡೇದು ಒಂದೇ ಮೈ ಕಣಯ್ಯಾ," ಎಂದಿದ್ದ ಕೃತ್ತಿಬಾಸ. "ಪಾದದಿಂದ ನೆಟ್ಟಗೆ ಏಳ್ತದೆ, ಹೆಗಲ ಹತ್ರ ಬಾಗ್ತದೆ, ಆಮೇಲೆ ಕತ್ತು, ತಲೆ. ಮನುಷ್ಯನ ಮೈಗೆ ಮರಿ ಮನುಷ್ಯರನ್ನ ಅಂಟಿಸ್ತಾರೇನು?"

ಈಗ ತಲೆಕಲ್ಲು ಏರಿಸುವುದೊಂದೇ ಬಾಕಿ. ಲೋಕನಾಥ ಗುಡಿ ಪಕ್ಕದ ಕೆರೆ ಏರಿಯ ಮೇಲೆ ನಿಂತು ಕೈ ತೋರಿಸಿದ. "ನೋಡು ಮೇಸ್ತ್ರಿ, ನಿನ್ನ ಮನುಷ್ಯ ಕುಡಿದು ನಿಂತಂಗಿದಾನೆ. ಇದನ್ನ ಬಿಚ್ಚಿಸಿ ಸೂರತ್ತಿನವರನ್ನೇ ಕರೆಸ್ತೀನಿ."

ಜನ ಗೊಳ್ಳೆಂದು ನಕ್ಕರು.

ಮರುದಿನ ಬೆಳಿಗ್ಗೆ ಕೃತ್ತಿಬಾಸ ಬಿದಿರ ಅಟ್ಟಣಿಗೆ ಹತ್ತಿ, ಗುಡಿಯ ಕತ್ತಿನ ನಟ್ಟನಡುವಿನಿಂದ ತೂಗುಗುಂಡು ಕಟ್ಟಿದ ದಾರವನ್ನು ಒಳಗೆ ಇಳಿಬಿಟ್ಟ. ಕೆಳಗೆ ಗರ್ಭಗುಡಿಯಲ್ಲಿ ಹೆಂಡತಿ ಕುಂತಳಾ, ಗುಂಡು ಓಲಾಡದಂತೆ ಅದನ್ನು ನೀರಿನ ಮಡಕೆಯಲ್ಲಿ ಮುಳುಗಿಸಿ, ದಾರದಿಂದ ನಾಲ್ಕೂ ಗೋಡೆಗೆ ಕೋಲಿನಿಂದ ಅಳೆದಳು.

"ಪೂರ್ವ ಸರಿ. ದಕ್ಷಿಣ ಸರಿ. ಉತ್ತರನೂ ಸರಿ."

ಆಮೇಲೆ ಕೋಲು ಕಲ್ಲಿಗೆ ಬಡಿದ ಸದ್ದು.

"ಪಶ್ಚಿಮ? ಏನೇ, ಜೀವ ತೆಗೀತೀಯಲ್ಲ!"

"ತಡಿ ಮಾರಾಯಾ, ಕೋಲು ಜಾರಿತು... ಸರಿ! ನಾಲ್ಕೂ ಒಂದೇ, ಕೂದಲೆಳೆ ಫರಕಿಲ್ಲ!"

ಕೃತ್ತಿಬಾಸ ಬಿಸಿಯೇರಿದ ಕಲ್ಲನ್ನು ತಬ್ಬಿಕೊಂಡು ಅಲ್ಲೇ ಕೂತು, ಎದೆ ಹಗುರಾಗುವಷ್ಟು ಅತ್ತ. ಕಣ್ಣೊರೆಸಿಕೊಂಡಾಗ ವಾಲಿದ್ದು ಯಾವುದೆಂದು ಕಂಡಿತು. ಮಳೆಗೆ ನೆಂದ ಹಗ್ಗ ಸಡಿಲಾಗಿ, ಅಟ್ಟಣಿಗೆಯ ಕೆರೆ ಕಡೆಯ ಬಿದಿರುಗಳೆಲ್ಲ ಓರೆಯಾಗಿ ಕಣ್ಣಿಗೆ ಮೋಸ ಮಾಡಿದ್ದವು.

ಆಳುಗಳು ಆ ಬದಿಯ ಬಿದಿರು ಬಿಚ್ಚಿದರು. ಲೋಕನಾಥ ಏರಿಯ ಮೇಲಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ಓರೆ ಮಾಡಿ ನೋಡಿದ.

"ಈಗ ಹೇಳಪ್ಪಾ," ಎಂದಳು ಹೊರಗೆ ಬಂದಿದ್ದ ಕುಂತಳಾ.

"ಏನ್ ಹೇಳ್ಲವ್ವಾ, ನನ್ನ ಕತ್ತೇ ವಾಲಿತ್ತು."

ಕೃತ್ತಿಬಾಸ ನೀರಲ್ಲಿ ನೆನೆಸಿಟ್ಟ ತಂಗಳನ್ನ ಎರಡು ಬಟ್ಟಲು ಉಂಡು, ಸುಟ್ಟ ಬದನೆಕಾಯಿ ಇನ್ನಷ್ಟು ಕೇಳಿ ಹಾಕಿಸಿಕೊಂಡು, ಗುಡಿಯ ನೆರಳಲ್ಲೇ ಅಡ್ಡಾದ. ತಲೆಕಲ್ಲು ನಾಳೆ ಏರಿದರಾಯಿತು.